ಬೇಳೆ ಬೇಯದ ನೀರು: ಒಂದು ಕಂಪನಿ, ಒಂದು ಸರ್ಕಾರಿ ಶಾಲೆ, ಮೂರು ಕ್ಯಾಲೆಂಡರ್

ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಕಂಪನಿಯ ಹೆಸರಿಲ್ಲ, ಊರಿನ ಹೆಸರಿಲ್ಲ, ಮನುಷ್ಯರ ಹೆಸರೂ ಇಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬಿಟ್ಟಿದ್ದೇನೆ, ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಆಗ ನಾನು ಕಂಪನಿಗೂ ಹಳ್ಳಿಗೂ ನಡುವೆ ಓಡಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ಫೀಲ್ಡ್ ಕೆಲಸ ಮಾಡುತ್ತಿದ್ದೆ. ಕಂಪನಿ ದುಡ್ಡು ಕೊಡುತ್ತೆ, ನಾವು ಕೆಲಸ ಮಾಡಿಸುತ್ತೇವೆ, ಫೋಟೋ ಕಳಿಸುತ್ತೇವೆ. ಹಾಗಾಗಿ ಇಲ್ಲಿ ಆದ ತಪ್ಪುಗಳಲ್ಲಿ ನನ್ನ ಪಾಲೂ ಇದೆ.

ಹಿನ್ನೆಲೆ

ಕಂಪನಿ ಬೆಂಗಳೂರಿನದು. ಸಾವಿರಾರು ಜನ ಕೆಲಸ ಮಾಡುವ ಕ್ಯಾಂಪಸ್ಸು. ಶಾಲೆ ತುಮಕೂರು ಜಿಲ್ಲೆಯಲ್ಲಿ, ಆಂಧ್ರದ ಗಡಿಗೆ ಹತ್ತಿರ. ಒಂದರಿಂದ ಏಳನೇ ತರಗತಿವರೆಗೆ ಸುಮಾರು 140 ಮಕ್ಕಳು. ಅರ್ಧಕ್ಕರ್ಧ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ನೀರು ಅಂದರೆ ಬೋರ್‌ವೆಲ್ ನೀರೇ. ಆ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ ಅನ್ನುವುದು ಹೊಸ ಸುದ್ದಿಯೇನಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತೆ ಅನ್ನುತ್ತದೆ ಭಾರತೀಯ ಮಾನಕ. ಈ ಶಾಲೆಯ ಬೋರ್‌ವೆಲ್ ಆ ಗೆರೆಯನ್ನು ಯಾವಾಗಲೋ ದಾಟಿತ್ತು. ದೊಡ್ಡ ತರಗತಿಯ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತಿತ್ತು. ಕೆಲವರು ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಿದ್ದರು.

ಕಂಪನಿ ಯಾಕೆ ಬಂತು? ಒಂದು, ಕಾನೂನು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ 1000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದು ಇದ್ದರೂ ಸಾಕು. ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಎರಡು, ನೌಕರರು. ಈ ಕಂಪನಿಯಲ್ಲಿ ಪ್ರತಿಯೊಬ್ಬರಿಗೂ ವರ್ಷಕ್ಕೆ ಎರಡು ದಿನ ಸೇವಾ ರಜೆ ಇತ್ತು. ಸಂಬಳದಿಂದ ತಿಂಗಳಿಗೆ ನೂರು, ಇನ್ನೂರು ರೂಪಾಯಿ ಕಟ್ಟಿಸಿಕೊಳ್ಳುವ ನೌಕರರ ನಿಧಿಯೂ ಇತ್ತು. ಈ ನಿಧಿ ಶೇ. 2ರ ಲೆಕ್ಕದಿಂದ ಹೊರಗೆ. ಹಾಗೆಯೇ ನೌಕರರು ಕೊಟ್ಟ ಸಮಯಕ್ಕೆ ಬೆಲೆ ಕಟ್ಟಿ ಅದನ್ನೂ ಶೇ. 2ಕ್ಕೆ ಸೇರಿಸುವಂತಿಲ್ಲ. ಸುಮ್ನೆ ಹೇಳುತ್ತಿಲ್ಲ, ಈ ಎರಡು ವಿಷಯ ಮುಂದೆ ಕೆಲಸಕ್ಕೆ ಬರುತ್ತವೆ.

ಶಾಲೆಯ ಹೆಡ್‌ಮೇಡಂ 2021ರ ಕೊನೆಯಲ್ಲಿ ಕಂಪನಿಗೆ ಒಂದು ಪತ್ರ ಬರೆದಿದ್ದರು. ಅದರಲ್ಲಿ ಕೇಳಿದ್ದು ಕಾಂಪೌಂಡ್. ಕಂಪನಿಯ ಆ ವರ್ಷದ ವಿಷಯ ಆರೋಗ್ಯ ಮತ್ತು ನೀರು. ಆನ್‌ಲೈನ್ ಫಾರಂನಲ್ಲಿ ಕಾಂಪೌಂಡ್ ಅನ್ನುವ ಆಯ್ಕೆಯೇ ಇರಲಿಲ್ಲ. ಫಾರಂ ತುಂಬಿದವನು ನಾನು. "ಮೇಡಂ, ಕುಡಿಯುವ ನೀರು ಅಂತ ಹಾಕಲಾ?" ಎಂದು ಫೋನಿನಲ್ಲಿ ಕೇಳಿದೆ. "ಹಾಕಿ ಸಾರ್, ಅದೂ ಬೇಕೇ ಬೇಕಲ್ವಾ" ಅಂದರು.

ಉದ್ಘಾಟನೆ

ಮಂಜೂರಾತಿ ಬಂದಿದ್ದು ಜನವರಿಯಲ್ಲಿ. ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ನಮಗೆ ಉಳಿದದ್ದು ಎರಡು ತಿಂಗಳು ಚಿಲ್ಲರೆ. ಗಂಟೆಗೆ 250 ಲೀಟರ್ ಶುದ್ಧ ಮಾಡುವ ಆರ್‌ಒ ಘಟಕ, ಅದಕ್ಕೊಂದು ಶೆಡ್ಡು, ಎರಡು ಸಿಂಟೆಕ್ಸ್ ಟ್ಯಾಂಕು, ಆರು ನಲ್ಲಿ. ಎಲ್ಲಾ ಸೇರಿ ಐದು ಲಕ್ಷದ ಒಳಗೆ ಆಯಿತು.

2022ರ ಮಾರ್ಚ್ 26, ಶನಿವಾರ. ಎರಡು ಬಸ್ಸಿನಲ್ಲಿ 45 ಜನ ನೌಕರರು ಬಂದರು. ಕಂಪನಿಗೆ ಶನಿವಾರ ರಜೆ, ಆದ್ದರಿಂದ ಶನಿವಾರ. ಆದರೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಶನಿವಾರ ಬೆಳಗಿನ ತರಗತಿ ಮಾತ್ರ. ಬಸ್ಸು ತಿಂಡಿಗೆ ನಿಂತು ಬಂದಾಗ ಹತ್ತಿರ ಹತ್ತಿರ ಹನ್ನೆರಡು ಗಂಟೆ. ಮಕ್ಕಳನ್ನು ಮನೆಗೆ ಬಿಡದೆ ಕೂರಿಸಿಕೊಂಡಿದ್ದೆವು. ಬಿಸಿಲು ಹೇಗಿತ್ತು ಅಂದರೆ ಸ್ವಾಗತಗೀತೆ ಹಾಡುತ್ತಿದ್ದ ಹುಡುಗಿಯೊಬ್ಬಳು ನಡುವೆ ತಲೆಸುತ್ತಿ ಕುಳಿತುಬಿಟ್ಟಳು. ರಿಬ್ಬನ್ ಕತ್ತರಿಸಿದರು. ನೌಕರರು ಖುಷಿಯಿಂದ ಗೋಡೆಗೆ ರೈಲಿನ ಚಿತ್ರ ಬರೆದರು. ಅವರ ಉತ್ಸಾಹದಲ್ಲಿ ಯಾವ ಕಪಟವೂ ಇರಲಿಲ್ಲ. ಒಬ್ಬ ಹುಡುಗ ನಲ್ಲಿ ನೀರು ಕುಡಿದು "ಸಪ್ಪೆ ಐತೆ" ಅಂದ. ಎಲ್ಲರೂ ನಕ್ಕರು. ಉಪ್ಪುನೀರು ಕುಡಿದು ಬೆಳೆದ ನಾಲಿಗೆಗೆ ಆರ್‌ಒ ನೀರು ಸಪ್ಪೆಯೇ.

ಘಟಕ ಓಡಿದ್ದು ಎಷ್ಟು ದಿನ ಗೊತ್ತಾ? ಯುಗಾದಿ, ಭಾನುವಾರ ಕಳೆದರೆ, ಉದ್ಘಾಟನೆಯ ದಿನವೂ ಸೇರಿ, 12 ಶಾಲಾ ದಿನ. ಏಪ್ರಿಲ್ 10ರಿಂದ ಬೇಸಿಗೆ ರಜೆ.

ಆ ವರ್ಷ ಕಲಿಕಾ ಚೇತರಿಕೆ ಅಂತ ಶಾಲೆಗಳು ಮೇ 16ಕ್ಕೇ ಶುರುವಾದವು. ನಡುವೆ 36 ದಿನ ಘಟಕ ಬಂದ್. ತಗಡಿನ ಶೆಡ್ಡು, ಬಯಲುಸೀಮೆಯ ಏಪ್ರಿಲ್ ಬಿಸಿಲು, ಒಳಗೆ ನಿಂತ ಗಡಸು ನೀರು. ಶಾಲೆ ತೆರೆದ ಮೇಲೆ ನೀರು ಸಣ್ಣಗೆ ಬರತೊಡಗಿತು. ಜೂನ್ ಹೊತ್ತಿಗೆ ಒಂದು ವಾಸನೆ. ಜುಲೈನಲ್ಲಿ ಮೋಟರೂ ಸುಟ್ಟಿತು, ಕರೆಂಟು ಏರಿಳಿತ ಆಗುವ ಊರಿಗೆ ಸ್ಟೆಬಿಲೈಸರ್ ಹಾಕಿಸಿರಲಿಲ್ಲ. ಮಕ್ಕಳು ಹಳೆಯ ನಲ್ಲಿಗೇ ವಾಪಸ್ಸಾದರು. ಶೆಡ್ಡಿನ ಮೇಲೆ ಕಂಪನಿಯ ಬೋರ್ಡು ಮಾತ್ರ ಹೊಳೆಯುತ್ತಿತ್ತು.

ಮೊದಲ ಪ್ರಯತ್ನ, ಫೋನು

ಮಾಮೂಲಿ ದಾರಿಯಲ್ಲೇ ಹೋದೆವು. ಘಟಕ ಹಾಕಿದ ಏಜೆನ್ಸಿಗೆ ಫೋನ್ ಮಾಡಿದೆ. ವಾರಂಟಿಯಲ್ಲಿ ಮೆಂಬ್ರೇನ್ ಸೇರಿಲ್ಲ ಅಂದರು. ಮೆಂಬ್ರೇನ್ ಅಂದರೆ ನೀರಿನಿಂದ ಉಪ್ಪು, ಫ್ಲೋರೈಡ್ ತಡೆಯುವ ಸುರುಳಿ, ಅದೇ ಘಟಕದ ಜೀವ. ಅದೇ ವಾರಂಟಿಯಲ್ಲಿಲ್ಲ. ಕಂಪನಿಗೆ ಬರೆದೆ. ಅಲ್ಲಿನವರು ಒಳ್ಳೆಯವರೇ, ಆದರೆ ಉತ್ತರ ಹೀಗಿತ್ತು: ಯೋಜನೆ 2021-22ರಲ್ಲಿ ಮುಗಿದಿದೆ, ಹಣ ಬಳಕೆಯಾಯಿತು ಅನ್ನುವ ಪ್ರಮಾಣಪತ್ರ ನೀವೇ ಕೊಟ್ಟಿದ್ದೀರಿ, ಮುಗಿದ ಯೋಜನೆಗೆ ಮತ್ತೆ ಹಣ ಹಾಕಲು ದಾರಿಯಿಲ್ಲ.

ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದು ನಮ್ಮ ಸಂಸ್ಥೆಯೇ. ಏನು ಹೇಳಲಿ?

ಆಗ ನೌಕರರ ನಿಧಿ ನೆನಪಾಯಿತು. ಮಾರ್ಚ್‌ನಲ್ಲಿ ಬಂದಿದ್ದವರಲ್ಲಿ ಒಬ್ಬಳು ಟೆಸ್ಟಿಂಗ್ ವಿಭಾಗದ ಹುಡುಗಿ. ಶಾಲೆಯ ಹೆಡ್‌ಮೇಡಂಗೆ ಆಗಾಗ ಮೆಸೇಜ್ ಮಾಡುತ್ತಿದ್ದಳು, ಘಟಕ ನಿಂತ ಸುದ್ದಿ ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತು. ನೌಕರರ ನಿಧಿಯ ಸಮಿತಿ ಮುಂದೆ ವಿಷಯ ಇಟ್ಟಳು. ಹೊಸ ಮೆಂಬ್ರೇನ್‌ಗೆ, ಮೋಟರ್‌ಗೆ ದುಡ್ಡು ಒಪ್ಪಿಸಿಕೊಂಡಳು. ನಾನು ಕೂಡಲೇ ಮೆಂಬ್ರೇನ್ ತರಿಸಲು ಹೊರಟೆ. ಅವಳು ತಡೆದಳು. "ಯಾಕೆ ಹಾಳಾಯ್ತು ಅಂತ ಗೊತ್ತಾಗದೆ ಹೊಸದು ಹಾಕಿದ್ರೆ ಅದೂ ಹಾಳಾಗಲ್ವಾ ಸಾರ್? ನಮ್ಮ ಕ್ಯಾಂಪಸ್ಸಲ್ಲಿ ನೀರಿನ ಪ್ಲಾಂಟ್ ನೋಡ್ಕೊಳ್ಳೋ ಅಣ್ಣ ಒಬ್ರಿದ್ದಾರೆ, ಕೇಳ್ತೀನಿ."

ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನಿಸುವ ತೀರ್ಮಾನ ಇದು. ಆ ಕ್ಯಾಂಪಸ್ಸಿನಲ್ಲಿ ದಿನಕ್ಕೆ ಲಕ್ಷಗಟ್ಟಲೆ ಲೀಟರ್ ನೀರು ಶುದ್ಧವಾಗುತ್ತದೆ. ಆ ಕೆಲಸ ಹದಿನೈದು ವರ್ಷದಿಂದ ಮಾಡುತ್ತಿದ್ದ ಮನುಷ್ಯ ಅಲ್ಲೇ ಇದ್ದರು. ನಾವು ನೀರಿನ ಯೋಜನೆ ಮಾಡುವಾಗ 45 ಜನ ಸ್ವಯಂಸೇವಕರನ್ನು ಕರೆಸಿದೆವು, ಅವರನ್ನು ಕರೆಯಲಿಲ್ಲ. ಯಾಕೆಂದರೆ ಅವರು ಗುತ್ತಿಗೆ ನೌಕರರು. ಅವರ ಸಂಬಳ ಬೇರೊಂದು ಏಜೆನ್ಸಿಯಿಂದ ಬರುತ್ತಿತ್ತು. ಸ್ವಯಂಸೇವೆಗೆ ಹೆಸರು ನೋಂದಾಯಿಸುವ ಪೋರ್ಟಲ್ ಅವರ ನೌಕರ ಸಂಖ್ಯೆಯನ್ನು ಒಪ್ಪುತ್ತಲೇ ಇರಲಿಲ್ಲ. ಸೇವಾ ರಜೆಯೂ ಇಲ್ಲ. ಶನಿವಾರ ಬಂದರೆ ಅವರಿಗೆ ಒಂದು ದಿನದ ಕೂಲಿ ಹೋಗುತ್ತೆ. ಕೊನೆಗೆ ಆ ದಿನದ ಸಂಬಳವನ್ನು ಟೆಸ್ಟಿಂಗ್ ಹುಡುಗಿ ಮತ್ತು ಅವಳ ತಂಡದವರು ಸೇರಿಸಿ ಕೊಟ್ಟರು. ಅಣ್ಣ ಮೊದಲು ಬೇಡ ಅಂದರು. ಆಮೇಲೆ "ಊಟ ನಿಮ್ದು, ಬಸ್ಸು ನಂದು" ಅಂತ ಹೇಳಿ ಒಪ್ಪಿದರು.

ಅಡುಗೆಮನೆ ಹಿಂದಿನ ಬಿಂದಿಗೆ

ಆಗಸ್ಟ್ ತಿಂಗಳು, ಚೆನ್ನಾಗಿ ಮಳೆ ಹಿಡಿದಿತ್ತು. ಅಣ್ಣ ಬೆಳಗ್ಗೆ ಎಂಟಕ್ಕೇ ಶಾಲೆಯಲ್ಲಿದ್ದರು. ಘಟಕ ಬಿಚ್ಚಿ ಮೆಂಬ್ರೇನ್ ಹೊರಗೆಳೆದರು. ಉಗುರಿನಿಂದ ಕೆರೆದು ತೋರಿಸಿದರು, ಸುಣ್ಣದಂಥ ಬಿಳಿ ಹೊಪ್ಪಳೆ. ಅದರ ಮೇಲೆ ಲೋಳೆ. ಮೂಸಿ ನೋಡಿ ಮುಖ ಕಿವಿಚಿದರು. ಆಮೇಲೆ ಸುತ್ತ ಹುಡುಕಿ "ಇಲ್ಲೊಂದು ನೀಲಿ ಡಬ್ಬಿ ಇರಬೇಕಿತ್ತಲ್ಲ, ಎಲ್ಲೋಯ್ತು?" ಎಂದು ಕೇಳಿದರು.

ಡಬ್ಬಿ ಸಿಕ್ಕಿದ್ದು ಅಡುಗೆಮನೆಯಲ್ಲಿ. ಅದರಲ್ಲಿ ಪೊರಕೆಕಡ್ಡಿ ನಿಲ್ಲಿಸಿದ್ದರು. ಮೆಂಬ್ರೇನ್ ಮೇಲೆ ಸುಣ್ಣ ಕಟ್ಟದಂತೆ ಹನಿಹನಿಯಾಗಿ ನೀರಿಗೆ ಸೇರುವ ದ್ರಾವಣದ ಡಬ್ಬಿ ಅದು. ಖಾಲಿಯಾದಾಗ ತುಂಬಬೇಕು ಅಂತ ಯಾರಿಗೂ ಯಾರೂ ಹೇಳಿರಲಿಲ್ಲ. ಉದ್ಘಾಟನೆ ದಿನ ಏಜೆನ್ಸಿಯವನು ಹೆಡ್‌ಮೇಡಂ ಕೈಗೆ ಇಂಗ್ಲಿಷಿನ ಒಂದು ಪುಸ್ತಕ ಕೊಟ್ಟಿದ್ದ. ಅದು ಬೀರುವಿನಲ್ಲಿತ್ತು, ಪ್ಲಾಸ್ಟಿಕ್ ಕವರೂ ಬಿಚ್ಚಿರಲಿಲ್ಲ.

ಡಬ್ಬಿ ಹುಡುಕಲು ಹೋದ ಅಣ್ಣ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತುಬಿಟ್ಟರು. ಸೂರಿನ ಪೈಪಿನ ಕೆಳಗೆ ಸಾಲಾಗಿ ಮೂರು ಬಿಂದಿಗೆ, ಬಾಯಿಗೆ ಬಟ್ಟೆ ಕಟ್ಟಿದ್ದು.

"ಅಕ್ಕ, ಇದೇನು?"

"ಮಳೆ ನೀರಣ್ಣ. ಬೇಳೆಗೆ."

ಅಡುಗೆಯಕ್ಕ ಆ ಶಾಲೆಯಲ್ಲಿ ಬಿಸಿಯೂಟ ಶುರುವಾದಾಗಿನಿಂದ ಇದ್ದವರು. ಆಗ ತಿಂಗಳಿಗೆ ನಾಲ್ಕು ಸಾವಿರವೂ ಮುಟ್ಟದ ಗೌರವಧನ. ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಕಾಳುಕಾಳಾಗಿಯೇ ಉಳಿಯುತ್ತದೆ. ಗಡಸು ನೀರಿನ ಗುಣವೇ ಅದು. ಗ್ಯಾಸ್ ಉರಿಯುತ್ತಲೇ ಇರುತ್ತೆ, ಬೆಲ್ಲು ಹೊಡೆಯುತ್ತೆ, ಬೇಳೆ ಬೆಂದಿರೋದಿಲ್ಲ. ಮಳೆ ನೀರು ಸಿಕ್ಕಿದ ದಿನ ಬೇಗ ಬೆಂದು ಮೆತ್ತಗಾಗುತ್ತದೆ. ಹಾಗಾಗಿ ಮಳೆ ಬಂದಾಗೆಲ್ಲ ಬಿಂದಿಗೆ ಇಡುತ್ತಿದ್ದರು. ಇಲ್ಲದ ದಿನ ಅರ್ಧ ಕಿಲೋಮೀಟರ್ ಆಚೆಯ ತೋಟದ ಹಳೇ ಬಾವಿಯಿಂದ ಎರಡು ಕೊಡ.

"ಮತ್ತೆ ಈ ಪ್ಲಾಂಟಿನ ನೀರು ಓಡ್ತಿದ್ದಾಗ ಅದನ್ನೇ ಹಾಕಬಹುದಿತ್ತಲ್ಲ?" ಎಂದು ನಾನು ಕೇಳಿದೆ.

"ಬೋರ್ಡಲ್ಲಿ ಕುಡಿಯುವ ನೀರು ಅಂತ ಬರ್ದಿದ್ರಲ್ಲ ಸಾರ್. ನೀವು ಕುಡಿಯೋಕೆ ಕೊಟ್ರಿ. ಬೇಳೆಗೆ ಕೊಡ್ಲಿಲ್ಲ."

ನಾನು ಆ ಶಾಲೆಗೆ ಅಷ್ಟರಲ್ಲಿ ಏಳೆಂಟು ಸಲ ಹೋಗಿದ್ದೆ. ಅಡುಗೆಮನೆಯಲ್ಲಿ ಊಟವನ್ನೂ ಮಾಡಿದ್ದೆ. ಆಕೆಯನ್ನು ನೀರಿನ ಬಗ್ಗೆ ಒಂದು ಮಾತು ಕೇಳಿರಲಿಲ್ಲ. ನಮ್ಮ ಸಮೀಕ್ಷೆ ಪತ್ರದಲ್ಲಿ ಮುಖ್ಯಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು, ಪೋಷಕರು ಅಂತ ಮೂರು ಕಾಲಂ ಇದ್ದವು.

ಅಣ್ಣ ಮಾತಾಡಲಿಲ್ಲ. ಹೊರಗೆ ಹೋಗಿ ಎರಡು ಕಟ್ಟಡದ ಮಾಡನ್ನು ಹೆಜ್ಜೆ ಹಾಕಿ ಅಳೆದರು. ಬಂದು ನನ್ನ ನೋಟ್‌ಬುಕ್ಕಿನಲ್ಲೇ ಲೆಕ್ಕ ಬರೆದರು. ಮಾಡು ಸುಮಾರು 200 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ವರ್ಷಕ್ಕೆ 550 ಮಿ.ಮೀ. ಅಂತ ಹಿಡಿದರೆ 1,10,000 ಲೀಟರ್. ಐದರಲ್ಲೊಂದು ಪಾಲು ಹರಿದು, ಆವಿಯಾಗಿ ಹೋದರೂ 88,000 ಸಿಗುತ್ತೆ. ಮಕ್ಕಳು ಕುಡಿಯಲು, ಅಡುಗೆಗೆ ಸೇರಿ ದಿನಕ್ಕೆ 400 ಲೀಟರ್. 220 ದಿನ ಆಯಿತಲ್ಲ! ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮಳೆ ಇಲ್ಲ, ಆ ನೂರು ಶಾಲಾ ದಿನಕ್ಕೆ ಕೂಡಿಡಬೇಕಾದ್ದು 40,000 ಲೀಟರ್. ಅಷ್ಟು ದೊಡ್ಡ ಸಂಪು ಸಾಕು. ಮಳೆ ನೀರಲ್ಲಿ ಫ್ಲೋರೈಡ್ ಎಲ್ಲಿಂದ ಬರಬೇಕು?

ಸಂಪಿನ ವಾದ

ಕಂಪನಿಯ ಸಮಿತಿ ಮುಂದೆ ಈ ಲೆಕ್ಕ ಇಟ್ಟಾಗ ಬಂದ ಮೊದಲ ಆಕ್ಷೇಪ ದುಡ್ಡಿನದ್ದಲ್ಲ. ಸಂಪು ನೆಲದೊಳಗೆ ಇರುತ್ತೆ, ಕಾಣಿಸೋದಿಲ್ಲ. ನೌಕರರು ಬಂದು ಏನು ಮಾಡಬೇಕು? ಹಾಸ್ಯ ಅನ್ನಿಸಬಹುದು, ಆದರೆ ಆ ಪ್ರಶ್ನೆ ಕೇಳಿದವರ ಮೇಲೆ ಎಷ್ಟು ಜನರನ್ನು ಸೇವೆಗೆ ಕರೆದುಕೊಂಡು ಹೋದಿರಿ ಅನ್ನುವ ಗುರಿ ಇತ್ತು. ಗುರಿ ಮುಟ್ಟಲು 45 ಜನರ ಕಾರ್ಯಕ್ರಮ ಬೇಕು. ಸಂಪಿನ ಮುಂದೆ 45 ಜನ ನಿಂತು ಏನು ಬಣ್ಣ ಬಳಿಯುತ್ತಾರೆ?

ಟೆಸ್ಟಿಂಗ್ ಹುಡುಗಿ ಕೊಟ್ಟ ಉತ್ತರ ಸರಳ. ವರ್ಷಕ್ಕೆ ಒಂದೇ ಸಲ 45 ಜನ ಹೋಗುವ ಬದಲು ಪ್ರತಿ ತಿಂಗಳ ಒಂದು ಶನಿವಾರ ನಾಲ್ಕು ಜನ ಹೋಗೋಣ. ಹತ್ತು ತಿಂಗಳಿಗೆ ನಲವತ್ತಾಯಿತು. ಬೆಳಗ್ಗೆ ಐದಕ್ಕೆ ಹೊರಟರೆ ಶಾಲೆ ನಡೆಯುವಾಗಲೇ ತಲುಪಬಹುದು. ನೀರು ಪರೀಕ್ಷೆ ಮಾಡೋಣ, ಫಿಲ್ಟರ್ ತೊಳೆಯೋಣ, ರಿಜಿಸ್ಟರ್ ನೋಡೋಣ, ಉಳಿದ ಹೊತ್ತಲ್ಲಿ ಮಕ್ಕಳ ಜೊತೆ ಗಣಿತ ಮಾಡೋಣ. ಸಮಿತಿ ಒಪ್ಪಿತು. ಐದು ಗಂಟೆಗೆ ಏಳುವವರು ಸಿಗಲ್ಲ ಅಂತ ನಾನು ಒಳಗೊಳಗೇ ಅಂದುಕೊಂಡೆ. ಮೊದಲ ಮೂರು ತಿಂಗಳು ಹಾಗೇ ಆಯಿತು, ಇಬ್ಬಿಬ್ಬರೇ ಬಂದರು. ಆಮೇಲೆ ಆರೇಳು ಜನರ ಒಂದು ಗುಂಪು ಅಂಟಿಕೊಂಡಿತು. ಅವರೇ ಮತ್ತೆ ಮತ್ತೆ ಬಂದರು, ಮಕ್ಕಳಿಗೆ ಹೆಸರು ಗೊತ್ತಾಯಿತು. ಗುರಿಯ ಲೆಕ್ಕದಲ್ಲಿ ಇದು ಸೋಲು. ಪೋರ್ಟಲ್ಲು ಎಣಿಸುತ್ತಿದ್ದುದು ಹೊಸಬರನ್ನು ಮಾತ್ರ.

ಎರಡನೇ ವಾದ ಮಾರ್ಚ್ 31ರದ್ದು. ಒಪ್ಪಿಗೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ. ಮತ್ತೆ ಅದೇ ಓಟ ಶುರುವಾಗುವುದರಲ್ಲಿತ್ತು. ಒಂದೂವರೆ ತಿಂಗಳಲ್ಲಿ ಕಾಂಕ್ರೀಟ್ ಹಾಕಿ ಕ್ಯೂರಿಂಗ್ ಮಾಡದೆ ನೀರು ಬಿಟ್ಟರೆ ಸಂಪು ಸೋರದೆ ಇರುತ್ತಾ? ಈ ಸಲ ನಾನು ಬಾಯಿಬಿಟ್ಟೆ, ಆಗಲ್ಲ ಅಂದೆ. ದುಡ್ಡು ವಾಪಸ್ ಹೋದರೂ ಪರವಾಗಿಲ್ಲ, ಮಾರ್ಚ್‌ನಲ್ಲಿ ಮುಗಿಸಲ್ಲ ಅಂದೆ. ನಮ್ಮ ಸಂಸ್ಥೆಯವರೇ ನನ್ನ ಮೇಲೆ ಸಿಟ್ಟಾದರು.

ದಾರಿ ತೋರಿಸಿದ್ದು ಕಂಪನಿಯ ಲೆಕ್ಕಪತ್ರ ವಿಭಾಗದ ಒಬ್ಬ ಹಿರಿಯರು. 2021ರ ಜನವರಿಯಲ್ಲಿ ನಿಯಮ ಬದಲಾಗಿದೆ. ಒಂದು ಕೆಲಸವನ್ನು ಹಲವು ವರ್ಷದ ಚಾಲ್ತಿ ಯೋಜನೆ ಅಂತ ನಿರ್ದೇಶಕರ ಮಂಡಳಿ ಕಾರಣ ಬರೆದು ಒಪ್ಪಿದರೆ, ಉಳಿದ ದುಡ್ಡನ್ನು ವರ್ಷ ಮುಗಿದ 30 ದಿನದೊಳಗೆ ಒಂದು ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಬೇಕು. ಅಲ್ಲಿಂದ ಮುಂದಿನ ಮೂರು ಹಣಕಾಸು ವರ್ಷದೊಳಗೆ ಖರ್ಚು ಮಾಡಬಹುದು. ಚಾಲ್ತಿ ಯೋಜನೆ ಅಲ್ಲದ ದುಡ್ಡು ಉಳಿದರೆ ಮಾತ್ರ ಆರು ತಿಂಗಳಲ್ಲಿ ಸರ್ಕಾರ ಹೇಳಿದ ನಿಧಿಗೆ ಹೋಗುತ್ತದೆ. ಅಂದರೆ ಕಾನೂನು ಯಾವತ್ತೂ ನಮ್ಮನ್ನು ಮಾರ್ಚ್‌ಗೆ ಓಡಿಸಿರಲಿಲ್ಲ. ಮಂಡಳಿಗೆ ಒಂದು ಟಿಪ್ಪಣಿ ಬರೆಯುವ ಬೇಸರಕ್ಕೆ ನಾವೇ ಓಡುತ್ತಿದ್ದೆವು. ಟಿಪ್ಪಣಿ ಒಂದೂವರೆ ಪುಟ ಆಯಿತು. ಅದರಲ್ಲಿ ಮೂರು ವರ್ಷದ ನಿರ್ವಹಣೆಯ ಖರ್ಚನ್ನೂ ಸೇರಿಸಿಬಿಟ್ಟೆವು.

ರಜೆಯಲ್ಲಿ, ಮಕ್ಕಳಿಲ್ಲದಾಗ ಗುಂಡಿ ತೋಡುವುದು ಅಂತ ಲೆಕ್ಕ. ಆದರೆ ಆ ವರ್ಷ ವಿಧಾನಸಭೆ ಚುನಾವಣೆ. ಮಾರ್ಚ್ 29ಕ್ಕೆ ನೀತಿಸಂಹಿತೆ ಬಂತು, ಮೇ 10ಕ್ಕೆ ಮತದಾನ. ಶಾಲೆಯೇ ಮತಗಟ್ಟೆ. ಅಲ್ಲಿ ಗುಂಡಿ ತೋಡಲು ಯಾರು ಬಿಡುತ್ತಾರೆ? ಕೆಲಸ ಶುರುವಾಗಿದ್ದು ಎಣಿಕೆ ಮುಗಿದ ಮೇಲೆ. ಗುಂಡಿ ಬಾಯಿ ತೆರೆದುಕೊಂಡಿರುವಾಗಲೇ ಮಕ್ಕಳು ಶಾಲೆಗೆ ಬಂದರು. ಕಾಂಪೌಂಡ್ ಇಲ್ಲ. ಸುತ್ತ ತಗಡು ಕಟ್ಟಿ, ಊರಿನ ಇಬ್ಬರನ್ನು ಕಾವಲಿಗೆ ಹಾಕಿದೆವು. ಆ ಐದು ವಾರ ನನಗೆ ನಿದ್ದೆ ಸರಿಯಾಗಿ ಬಂದಿಲ್ಲ.

ಬೀಗದ ಕೈ ಯಾರ ಹತ್ತಿರ

ಜುಲೈ ಕೊನೆಗೆ ಸಂಪು ಆಯಿತು. ಮೊದಲ ಮಳೆಯ ಕೊಳೆನೀರು ಹೊರಗೆ ಹೋಗಲು ಒಂದು ವಾಲ್ವು, ಜಲ್ಲಿ-ಮರಳು-ಇದ್ದಿಲಿನ ಫಿಲ್ಟರ್, ಸೊಳ್ಳೆ ನುಗ್ಗದಂತೆ ಜಾಲರಿ, ಕಬ್ಬಿಣದ ಮುಚ್ಚಳ, ಅದಕ್ಕೆ ಬೀಗ. ಬೀಗದ ಕೈ ಮುಖ್ಯಶಿಕ್ಷಕರ ಬಳಿ ಇರಬೇಕು ಅಂತ ಒಪ್ಪಂದದ ಕರಡಿನಲ್ಲಿ ಬರೆದಿದ್ದೆ. ಅಷ್ಟರಲ್ಲಿ ಹೆಡ್‌ಮೇಡಂಗೆ ವರ್ಗಾವಣೆಯಾಯಿತು. ಹೊಸದಾಗಿ ಬಂದ ಹೆಡ್‌ಮಾಸ್ಟರಿಗೆ ಆರ್‌ಒ ಕಥೆ ಗೊತ್ತಿಲ್ಲ, ಸಂಪಿನ ಕಥೆ ಗೊತ್ತಿಲ್ಲ. ಎಲ್ಲಾ ಮೊದಲಿನಿಂದ ಹೇಳುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ಈ ಶಾಲೆಗೆ ಬಂದು ಹೋಗುವವರೇ ಎಲ್ಲ. ಹೆಡ್‌ಮಾಸ್ಟರ್ ಹೋಗುತ್ತಾರೆ, ನಾನು ಹೋಗುತ್ತೇನೆ, ಕಂಪನಿಯ ಹುಡುಗಿಗೆ ಬೇರೆ ಕೆಲಸ ಸಿಕ್ಕರೆ ಅವಳೂ ಹೋಗುತ್ತಾಳೆ. ಇಲ್ಲೇ ಇರುವವರು ಅಡುಗೆಯಕ್ಕ.

ಬೀಗದ ಕೈ ಅವರ ಸೆರಗಿನ ಗಂಟಿಗೆ ಹೋಯಿತು. ಇನ್ನೊಂದು ಎಸ್‌ಡಿಎಂಸಿ ಅಧ್ಯಕ್ಷರಿಗೆ. ರಿಜಿಸ್ಟರ್ ಬರೆಯುವುದು, ಡಬ್ಬಿಗೆ ದ್ರಾವಣ ತುಂಬುವುದು, ವಾಲ್ವು ತಿರುಗಿಸುವುದು, ಇವೂ ಅಕ್ಕನ ಪಾಲಿಗೆ ಬಂದವು. ಇದಕ್ಕೆ ತಿಂಗಳಿಗೆ 500 ರೂಪಾಯಿ ಕೊಡಬೇಕು ಅಂದೆ. ಊರಿನ ಒಬ್ಬರು, "ನೀರು ನಮ್ಮೂರ ಮಕ್ಕಳಿಗೆ, ಅದಕ್ಕೆ ಕೂಲಿ ಯಾಕೆ?" ಅಂತ ಕೇಳಿದರು. ಅಕ್ಕ ತಲೆ ತಗ್ಗಿಸಿ ನಿಂತಿದ್ದರು. ಅಣ್ಣ ಹೇಳಿದರು, "ನಾನೂ ಇದೇ ಕೆಲಸ ಮಾಡೋದು ಸ್ವಾಮಿ, ನನಗೆ ಸಂಬಳ ಕೊಡ್ತಾರೆ." ಅಲ್ಲಿಗೆ ವಾದ ಮುಗಿಯಿತು. ದುಡ್ಡು ನೌಕರರ ನಿಧಿಯಿಂದ ಈಗಲೂ ಹೋಗುತ್ತಿದೆ.

ಬರ

ಸಂಪು ಕಟ್ಟಿದ ವರ್ಷವೇ ಮಳೆ ಕೈಕೊಟ್ಟಿತು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ನಮ್ಮ ತಾಲ್ಲೂಕು ಅದರಲ್ಲಿರದೆ ಇರುತ್ತದೆಯೇ? ಅಕ್ಟೋಬರ್ ಪೂರ್ತಿ ಆಕಾಶ ನೋಡಿದ್ದೇ ಬಂತು. ನವೆಂಬರಿನ ಚೂರುಪಾರು ಮಳೆ ಸೇರಿ ಸಂಪಿನಲ್ಲಿ ಕೂಡಿದ್ದು 14,000 ಲೀಟರ್. ದಿನಕ್ಕೆ 400 ಅಂದರೆ 35 ದಿನ.

ಕಂಪನಿಯಿಂದ ಮೇಲ್ ಬಂತು, ಎರಡನೇ ಯೋಜನೆಯೂ ವಿಫಲವೇ ಅಂತ. ನನಗೂ ಹಾಗೇ ಅನ್ನಿಸಿತ್ತು. ಆರ್‌ಒ ಬಗ್ಗೆ ನಾನು ಅಷ್ಟರಲ್ಲಿ ಕೆಟ್ಟದಾಗಿ ಮಾತಾಡಿ ಮುಗಿಸಿದ್ದೆ. ಅರ್ಧ ನೀರು ಹೊರಗೆ ಚೆಲ್ಲುತ್ತೆ, ಬರದ ಊರಿಗೆ ಅದು ತಕ್ಕದ್ದಲ್ಲ, ಮಳೆಕೊಯ್ಲೇ ಸರಿ ಅಂತ ಎರಡು ಸಭೆಗಳಲ್ಲಿ ಭಾಷಣ ಬೇರೆ ಮಾಡಿದ್ದೆ. ಅಣ್ಣನಿಗೆ ಇಂಥ ಪಕ್ಷ ಕಟ್ಟುವ ಚಟ ಇರಲಿಲ್ಲ. ಹೊಸ ಮೆಂಬ್ರೇನ್, ಸ್ಟೆಬಿಲೈಸರ್ ಹಾಕಿ ಹಿಂದಿನ ವರ್ಷವೇ ಆ ಘಟಕ ರಿಪೇರಿ ಮಾಡಿಟ್ಟಿದ್ದರು. "ಕುಡಿಯೋಕೆ, ಅನ್ನಕ್ಕೆ ಆರ್‌ಒ ಓಡ್ಸಿ. ಮಳೆ ನೀರು ಬರೀ ಬೇಳೆಗೆ ಇಡಿ. ಅಕ್ಕ, ಬೇಳೆಗೆ ಎಷ್ಟು ಬೇಕು?"

"ಅರವತ್ತು ಲೀಟ್ರು. ತೊಳೆಯೋದೂ ಸೇರಿ."

ದಿನಕ್ಕೆ 60 ಅಂದರೆ 14,000 ಲೀಟರ್ 233 ದಿನ ಬರುತ್ತದೆ. ಆ ಶಾಲಾ ವರ್ಷ ಹಾಗೇ ದಾಟಿತು. ಚೆಲ್ಲುವ ನೀರನ್ನು ಒಂದು ತೊಟ್ಟಿಗೆ ತಿರುಗಿಸಿ ಪಾತ್ರೆ ತೊಳೆಯಲು, ಶೌಚಾಲಯಕ್ಕೆ ಬಳಸಿದರು.

ಏಪ್ರಿಲ್ ಹತ್ತಿರ ಬಂದಾಗ ಮತ್ತೆ ಅದೇ ಭಯ. ರಜೆಯಲ್ಲಿ ಘಟಕ ನಿಂತರೆ ಮೆಂಬ್ರೇನ್ ಹೋಯಿತು. ಆದರೆ 2024ರ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಡಬೇಕು ಅಂತ ಸರ್ಕಾರದ ಆದೇಶ ಬಂತು. ಅಡುಗೆಮನೆ ತೆರೆದಿತ್ತು, ಘಟಕವೂ ದಿನಾ ಓಡಿತು. ಇದು ನಮ್ಮ ಜಾಣತನ ಅಲ್ಲ, ಅದೃಷ್ಟ. ಮುಂದಿನ ಬೇಸಿಗೆಗೆ ಮಾತ್ರ ಬುದ್ಧಿ ಉಪಯೋಗಿಸಿದೆವು. ರಜೆಯಲ್ಲಿ ದಿನಕ್ಕೆ ಒಂದು ಗಂಟೆ ಘಟಕ ಓಡಿಸಿ, ಅಕ್ಕಪಕ್ಕದ ಮನೆಯವರು ಬಂದು ಕೊಡ ತುಂಬಿಕೊಳ್ಳುವ ಏರ್ಪಾಡು ಮಾಡಿದೆವು. ಬೀಗದ ಕೈ ಅಕ್ಕನ ಬಳಿಯೇ ಇತ್ತಲ್ಲ.

ಈಗ

ಕಂಪನಿ ಇದನ್ನು ಮಾದರಿ ಅಂತ ಹಿಡಿದು ಇನ್ನೂ ಹನ್ನೆರಡು ಶಾಲೆಗಳಲ್ಲಿ ಇಂಥದ್ದೇ ಸಂಪು ಕಟ್ಟಲು ಹೊರಟಿತು. ನಾನು ಹೊಸ ಸಮೀಕ್ಷೆ ಪತ್ರಕ್ಕೆ ನಾಲ್ಕನೇ ಕಾಲಂ ಸೇರಿಸಿದೆ, ಅಡುಗೆಯವರು. ಅಲ್ಲಿ ಮೊದಲ ಪ್ರಶ್ನೆ ಬೇಳೆ ಬೇಯುತ್ತಾ ಅಂತ. ಹನ್ನೆರಡರಲ್ಲಿ ನಾಲ್ಕು ಕಡೆ "ಚೆನ್ನಾಗಿ ಬೇಯುತ್ತೆ" ಅಂದರು. ಅಲ್ಲಿಯ ನೀರೂ ಪರೀಕ್ಷೆಯಲ್ಲಿ ಪಾಸಾಯಿತು. ಆ ನಾಲ್ಕು ಕೈಬಿಟ್ಟೆವು. ಗುತ್ತಿಗೆ ನೌಕರರನ್ನೂ ಸೇವಾ ದಿನಕ್ಕೆ ಸೇರಿಸಿಕೊಳ್ಳಬೇಕು, ಅವರ ದಿನದ ಸಂಬಳ ಕಂಪನಿಯೇ ಕೊಡಬೇಕು ಅಂತ ನೌಕರರ ಸಮಿತಿ ಬರೆದುಕೊಟ್ಟಿದೆ. ಉತ್ತರ ಬಂದಿಲ್ಲ. ಅಣ್ಣ ಈಗಲೂ ಬರುತ್ತಾರೆ, ಈಗಲೂ ಪೋರ್ಟಲ್ಲಿನಲ್ಲಿ ಅವರ ಹೆಸರಿಲ್ಲ.

ಕಳೆದ ಸಲ ಹೋದಾಗ ರಿಜಿಸ್ಟರ್ ತಿರುವಿದೆ. ನಾವು ಹಾಕಿಕೊಟ್ಟ ಕಾಲಂಗಳು ದಿನಾಂಕ, ಲೀಟರ್, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ), ಸಹಿ. ಅಂಚಿನಲ್ಲಿ ಅಕ್ಕ ಪೆನ್ಸಿಲ್‌ನಲ್ಲಿ ಇನ್ನೊಂದು ಗೆರೆ ಎಳೆದುಕೊಂಡಿದ್ದಾರೆ. ಅಲ್ಲಿ ಸಿಲಿಂಡರ್ ಬದಲಿಸಿದ ದಿನಕ್ಕೆ ಒಂದು ಸೊನ್ನೆ. ಸೊನ್ನೆಗಳ ನಡುವೆ ಮೊದಲಿಗಿಂತ ಜಾಸ್ತಿ ಸಾಲು ಖಾಲಿ ಬಿದ್ದಿವೆ.

ಆ ದಿನ ಇನ್ನೊಂದು ವಿಷಯವೂ ಗೊತ್ತಾಯಿತು. ದಸರಾ ರಜೆಯಲ್ಲಿ ಮಾಡಿನಿಂದ ಸಂಪಿಗೆ ಬರುವ ಪೈಪಿನಲ್ಲಿ ಇಪ್ಪತ್ತು ಅಡಿ ಯಾರೋ ಬಿಚ್ಚಿಕೊಂಡು ಹೋಗಿದ್ದರು. ಹೆಡ್‌ಮಾಸ್ಟರು ಮಾತಾಡದೆ ಬೀರು ತೆಗೆದು ಒಂದು ಫೈಲು ತಂದಿಟ್ಟರು. ಮೇಲಿದ್ದದ್ದು 2021ರ ಪತ್ರ, ಹಿಂದಿನ ಮೇಡಂ ಬರೆದದ್ದು. ಕಾಂಪೌಂಡ್ ಬೇಕು ಅಂತ.

ಕಂಪನಿಯ ಫಾರಂನಲ್ಲಿ ಈಗಲೂ ಆ ಆಯ್ಕೆ ಇಲ್ಲ. ನರೇಗಾದಲ್ಲಿ ಶಾಲೆಗೆ ಕಾಂಪೌಂಡ್ ಕಟ್ಟಿಸಬಹುದು ಅಂತ ಎಸ್‌ಡಿಎಂಸಿ ಅಧ್ಯಕ್ಷರು ಗ್ರಾಮಸಭೆಯಲ್ಲಿ ಕೇಳಿ, ಪಂಚಾಯಿತಿಯ ಕ್ರಿಯಾ ಯೋಜನೆಗೆ ಸೇರಿಸಿದ್ದಾರೆ. ಹಿಂದಿನ ಗೋಡೆಗೆ ಪಾಯ ತೋಡಿದ್ದಾರೆ. ರೈಲಿನ ಚಿತ್ರ ಇರುವ ಕಡೆ ಇನ್ನೂ ಶುರುವಾಗಿಲ್ಲ.